ನಲವತ್ತು ದಾಟದ ಹಾವಗೆಪ್ಪನ ಪಿಕಪ್

"ಮಾವಾ, ಸ್ವಲ್ಪ ಸಾವಕಾಶ ಹೊಡೀರಿ."

ಈಶ್ವರಿ ಎರಡೂ ಕೈಯಿಂದ ಹಿಡಿಕೆ ಹಿಡಿದು ಕೂತಿದ್ದಳು. ಅವಳಿಗೆ ಏಳು ತಿಂಗಳ ಬಸಿರು. ಹಲಬರ್ಗಾದಿಂದ ಭಾಲ್ಕಿಯ ಆಸ್ಪತ್ರೆಗೆ ತಪಾಸಣೆಗೆ ಹೊರಟಿದ್ದಳು.

ಮಾವ ಹಾವಗೆಪ್ಪ ಮೀಟರಿನ ಗಾಜನ್ನು ಬೆರಳಿನಿಂದ ಬಡಿದು ತೋರಿಸಿದ. "ನೋಡವಾ, ಮುಳ್ಳು ನಲವತ್ತು ದಾಟಿಲ್ಲ. ಇದಕ್ಕಿಂತ ಸಾವಕಾಶ ಅಂದ್ರ ಎತ್ತಿನ ಬಂಡಿ ಕಟ್ಟಬೇಕು."

ಹಾವಗೆಪ್ಪ ಕೆಟ್ಟವನಲ್ಲ. ಸೊಸೆಗೆಂದು ಸೀಟಿನ ಮೇಲೆ ಕೌದಿ ಹಾಸಿದವನು ಅವನೇ. ಅಪ್ಪನ ಕಾಲದ ಆ ಪಿಕಪ್ ಎಂದರೆ ಅವನಿಗೆ ಪ್ರಾಣ. ಆದರೆ ಪ್ರತಿ ಸಲ ಮನೆಗೆ ಬಂದಾಗ ಈಶ್ವರಿ ಸೊಂಟ ಹಿಡಿದು ಕೂರುತ್ತಿದ್ದಳು. "ನಲವತ್ತರಾಗ ಹೋಗಿ ಬಂದ್ರೂ ಇಷ್ಟು ನಾಜೂಕೇನವಾ?" ಎಂದು ಅತ್ತೆ ಈರಮ್ಮ ನಗುತ್ತಿದ್ದಳು. ಪಾಪ, ಮನೆಯವರೆಲ್ಲ ಮುಳ್ಳನ್ನು ನಂಬಿದರು, ಹುಡುಗಿಯನ್ನು ನಂಬಲಿಲ್ಲ.

ಅಂದು ಶಾಲೆಯ ಮುಂದಿನ ರಸ್ತೆ ಉಬ್ಬಿನ ಹತ್ತಿರ ಹಾವಗೆಪ್ಪ ಬ್ರೇಕ್ ಒತ್ತಿದ. ಆದರೂ ಗಾಡಿ ನೆಗೆದೇಬಿಟ್ಟಿತು. ಈಶ್ವರಿ ಹೊಟ್ಟೆ ಹಿಡಿದು ಚೀರಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೂಸಿನ ಎದೆಬಡಿತ ಕೇಳಿ ಎಲ್ಲ ಸರಿ ಇದೆ ಎನ್ನುವವರೆಗೆ ಹಾವಗೆಪ್ಪ ಬಾಗಿಲು ಬಿಟ್ಟು ಕದಲಲಿಲ್ಲ.

ವಾಪಸು ಬರುವಾಗ ಪಕ್ಕದ ಮನೆಯ ವಿಶಾಖಾ ಭಾಲ್ಕಿಯಲ್ಲಿ ಗಾಡಿ ಹತ್ತಿದಳು. ಬೀದರಿನಲ್ಲಿ ಡ್ರೈವಿಂಗ್ ಕಲಿಸುವವಳು ಅವಳು. ಸ್ವಲ್ಪ ದೂರ ಬಂದಮೇಲೆ ಹೇಳಿದಳು.

"ಕಾಕಾ, ಇದು ನಲವತ್ತಲ್ಲರಿ."

"ಮತ್ತ ಮುಳ್ಳು ಸುಳ್ಳು ಹೇಳ್ತದೇನು?"

"ಹೇಳ್ತದರಿ. ನೀವು ರೋಡ್ ನೋಡ್ರಿ, ನಾ ಫೋನ್ ನೋಡ್ತೇನಿ." ಮ್ಯಾಪ್ ತೆರೆದಳು. "ಐವತ್ತು ದಾಟೇದರಿ."

"ನಿನ್ನ ಫೋನೇ ತಪ್ಪಿರಬೇಕು, ತಂಗಿ."

ಈಶ್ವರಿ ಮೆಲ್ಲಗೆ ತನ್ನ ಫೋನ್ ತೆಗೆದಳು. ಅದರಲ್ಲೂ ಅಷ್ಟೇ ಇತ್ತು. ಆಕ್ಸಿಲರೇಟರ್ ಮೇಲಿದ್ದ ಹಾವಗೆಪ್ಪನ ಕಾಲು ತಾನಾಗಿಯೇ ಹಗುರಾಯಿತು.

"ಟಾಯರ್ ಬದಲಿ ಮಾಡೀರೇನ್ರಿ?" ವಿಶಾಖಾ ಕೇಳಿದಳು.

"ಮಳಿಗಾಲದಾಗ ಯರಿ ಹೊಲದ ಕೆಸರಾಗ ಸಿಕ್ಕೊಳ್ಳಬಾರ್ದಂತ ದೊಡ್ಡವು ಹಾಕ್ಸೇನಿ. ಮೀಟರ್ ಕೆಟ್ಟಿತ್ತು, ಗುಜರಿಯಾಗಿಂದ ಬ್ಯಾರೆ ಗಾಡೀದು ತಂದು ಕೂಡ್ಸೇನಿ."

"ಅದಕ್ಕ ನೋಡ್ರಿ. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗ್ತದ. ಮೀಟರಿಗೆ ಅದು ತಿಳಿಯಂಗಿಲ್ಲರಿ. ಅದ್ರಾಗ ಬ್ಯಾರೆ ಗಾಡಿ ಮೀಟರ್ ಅಂದ್ರ ಕೇಳಬ್ಯಾಡ್ರಿ."

ಹಾವಗೆಪ್ಪ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದ. "ಈಶ್ವರಿ, ಇಷ್ಟು ದಿನ ನೀ ಹೇಳಿದ್ದೇ ಖರೇ ಇತ್ತು. ನಾ ಕೇಳಲಿಲ್ಲ. ತಪ್ಪಾತವಾ." ಅವಳ ಕಣ್ಣಲ್ಲಿ ನೀರು ಬಂತು.

ಮರುದಿನವೇ ಬೀದರಿನ ಮೆಕ್ಯಾನಿಕ್ ಅಬ್ದುಲ ಗಫೂರ ಆ ಪಿಕಪ್ಪಿಗೆ ಸರಿಹೊಂದುವ ಮೀಟರನ್ನೇ ಹುಡುಕಿ ಕೂಡಿಸಿದ. ಮೊದಲಿನ ಅಳತೆಯ ಟಾಯರ್ ಹಾಕಿದ. ರಸ್ತೆಯಲ್ಲಿ ಓಡಿಸಿ ತಾಳೆ ನೋಡಿಯೇ ಗಾಡಿ ಕೊಟ್ಟ.

ಮುಂದಿನ ತಪಾಸಣೆ ಮುಗಿಸಿ ಬರುವಾಗ ಮುಳ್ಳು ನಲವತ್ತರಲ್ಲೇ ಇತ್ತು. "ಅಯ್ಯ, ಖರೇ ನಲವತ್ತು ಅಂದ್ರ ಇಷ್ಟು ಸಾವಕಾಶ ಇರ್ತದೇನು!" ಎಂದ ಹಾವಗೆಪ್ಪ. ತಿರುಗಿ ನೋಡಿದರೆ ಈಶ್ವರಿ ಹಿಡಿಕೆ ಬಿಟ್ಟು, ಕೌದಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಮನೆ ಬಂತು. ಹಾವಗೆಪ್ಪ ಹಾರ್ನ್ ಹೊಡೆಯಲಿಲ್ಲ. ಬಾಗಿಲಿಗೆ ಬಂದ ಈರಮ್ಮನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಹಳೆಯ ಗಾಡಿ ಇಟ್ಟುಕೊಂಡಿರುವ ಅಣ್ಣಂದಿರೇ, ಟಾಯರ್ ಅಥವಾ ಮೀಟರ್ ಬದಲಿಸಿದ್ದರೆ ಇಂದೇ ವೇಗ ತಾಳೆ ನೋಡಿಸಿ. ಫೋನ್ ಪಕ್ಕದವರು ನೋಡಲಿ, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ಪಕ್ಕದಲ್ಲಿ ಕೂತವರು "ಸಾವಕಾಶ" ಎಂದರೆ ಮೊದಲು ವೇಗ ಇಳಿಸಿ, ಮುಳ್ಳನ್ನು ಆಮೇಲೆ ನೋಡಿ.