ಬುಧವಾರದೊಳಗೆ ಬೇಕು

ಅವಳು ಹೊಲಿಯುತ್ತಿದ್ದದ್ದು ನಾಟಕಮಂದಿರಗಳ ಪರದೆ. ಇಬ್ಬರು ಹಿಡಿದರೂ ಮಡಿಸಲು ಹೆಣಗಬೇಕಾದಷ್ಟು ಭಾರದ ಮಖಮಲ್ಲು. ಬೀದಿಯವರೆಲ್ಲ ಅವಳನ್ನು ಪರದೆಯಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡ ಆರ್ಡರುಗಳು ಬರುತ್ತಿದ್ದದ್ದು ಜರ್ಮನ್ ಮಾತಾಡುವ ಒಂದು ರಂಗಮಂದಿರದಿಂದ. ಮನೆಯಲ್ಲಿ ಜರ್ಮನ್ ಬಲ್ಲವನು ಅಣ್ಣ. ಹಾಗಾಗಿ ಕತ್ತರಿ ಅವಳದ್ದು, ಮಾತು ಅವನದ್ದು.

ಆ ಸಲ ವೇದಿಕೆಯ ಅಗಲ ಬದಲಾಗಿದೆ ಎಂಬ ಸುದ್ದಿಯಷ್ಟೇ ಬಂತು, ಹೊಸ ಅಳತೆ ಬರಲಿಲ್ಲ.

"ಗುರುವಾರದೊಳಗೆ ಅಳತೆ ಬೇಕು ಅಂತ ಹೇಳು," ಎಂದಳು ಅಣ್ಣನಿಗೆ. "ಆಮೇಲೆ ಬಂದ್ರೆ ಹೇಳಿದ ದಿನಕ್ಕೆ ಪರದೆ ಕೊಡೋಕಾಗಲ್ಲ. ಅದನ್ನೂ ಹೇಳು."

ಅಣ್ಣ ಫೋನಿನಲ್ಲಿ ಬಹಳ ಹೊತ್ತು ಬೆಣ್ಣೆ ಸವರಿದಂತೆ ಮಾತಾಡಿದ. ನಡುನಡುವೆ ನಕ್ಕ. "ಹೇಳಾಯ್ತು," ಎಂದು ಫೋನಿಟ್ಟ.

ಗುರುವಾರ ಕಳೆಯಿತು. ಅಳತೆ ಬಂದದ್ದು ಮುಂದಿನ ವಾರದ ಕೊನೆಗೆ. ಪರದೆ ಕಳಿಸುವ ದಿನ ಮಾತ್ರ ಕದಲಲಿಲ್ಲ. ಪರದೆಯಕ್ಕನೂ ಅತ್ತಿಗೆಯೂ ನಿಂತುಕೊಂಡೇ ಉಂಡು ಹೊಲಿದರು. ಸೂಜಿ ಮುರಿದು ಪರದೆಯಕ್ಕನ ಹೆಬ್ಬೆರಳಿಗೆ ನಾಟಿತು. ಚಿಂದಿ ಸುತ್ತಿಕೊಂಡು ಮತ್ತೆ ಕೂತಳು. ಆದರೂ ತಡವಾಯಿತು. ರಂಗಮಂದಿರದಿಂದ ಖಾರವಾದ ಮಾತು ಬಂತು. ಅಣ್ಣ ದಡದಡನೆ ಮೆಟ್ಟಿಲಿಳಿದು ಬಂದ.

"ನಿನ್ನ ಕೈ ನಿಧಾನ ಆಗಿದೆ. ಅವರ ಮುಂದೆ ನನಗೆ ತಲೆ ಎತ್ತೋಕಾಗ್ತಿಲ್ಲ."

ಅವನು ಮೇಲೆ ಹೋದ ಮೇಲೆ ಅತ್ತಿಗೆ ಬಾಗಿಲು ಮುಚ್ಚಿದಳು. ಅತ್ತಿಗೆ ಆ ವರ್ಷ ಸಂಜೆಯ ಕ್ಲಾಸಿನಲ್ಲಿ ಜರ್ಮನ್ ಕಲಿಯುತ್ತಿದ್ದಳು. ಗಂಡನಿಗೆ ಅದೊಂದು ತಮಾಷೆ.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ. ಅವತ್ತು ನಾನು ಪಕ್ಕದ ಕೋಣೇಲಿದ್ದೆ. ನಿಮ್ಮಣ್ಣ 'ಬೇಕು' ಅನ್ನಲೇ ಇಲ್ಲ. 'ಎಸ್ ವೇರೆ ಶ್ಯೋನ್' ಅಂದ್ರು. ಪುರುಸೊತ್ತಾದಾಗ ಕಳಿಸಿದ್ರೆ ಚೆನ್ನಾಗಿರುತ್ತೆ ಅಂತ."

"ಗುರುವಾರ ಅಂದನಾ?"

"ಇಲ್ಲ. ಯಾವ ವಾರದ ಹೆಸರೂ ಎತ್ತಲಿಲ್ಲ."

ಪರದೆಯಕ್ಕನ ಮೈ ಉರಿದುಹೋಯಿತು. ಸಭ್ಯನೆನಿಸಿಕೊಳ್ಳುವ ಚಪಲ ಅವನಿಗೆ, ಸೂಜಿ ಚುಚ್ಚಿಸಿಕೊಳ್ಳುವ ಕರ್ಮ ತನಗೆ. ಇಷ್ಟು ವರ್ಷ ತಾನು ಹೇಳಿಕಳಿಸಿದ ಎಷ್ಟು 'ಬೇಕು'ಗಳನ್ನು ಇವನು ಫೋನಿನಲ್ಲೇ ನುಂಗಿಹಾಕಿದ್ದನೋ. ಸಾಲದ್ದಕ್ಕೆ, ಕೈ ನಿಧಾನವಂತೆ.

"ನನಗೆ ಕಲಿಸು," ಎಂದಳು. "ಪೂರ್ತಿ ಭಾಷೆ ಬೇಡ. ಏನು ಬೇಕು, ಯಾವಾಗ ಬೇಕು. ಅಷ್ಟು ಸಾಕು."

ಅತ್ತಿಗೆ ಕಲಿಸಿದಳು. 'ಇಶ್ ಬ್ರೌಖೆ' ಅಂದರೆ ನನಗೆ ಬೇಕು. ನಮ್ಮ 'ಒಳಗೆ' ದಿನದ ಹೆಸರಾದ ಮೇಲೆ ಬಂದರೆ, ಅದೇ ಅರ್ಥದ ಅವರ 'ಬಿಸ್' ಹೆಸರಿಗಿಂತ ಮೊದಲೇ ಬರುತ್ತದೆ. 'ಬಿಸ್' ಬದಲು 'ಆಮ್' ಅಂದರೆ ಆ ದಿನವೇ ಅಂತಾಗುತ್ತದೆ, ಹುಷಾರು. 'ಜೋನ್ಸ್ಟ್' ಅಂದರೆ ಇಲ್ಲದಿದ್ದರೆ. 'ಬ್ರೌಖೆ' ಹೇಳುವಾಗ ಮೊದಮೊದಲು ಗಂಟಲಲ್ಲಿ ಮೀನುಮುಳ್ಳು ಸಿಕ್ಕಿಕೊಂಡಂತೆ ಕೇಳುತ್ತಿತ್ತು. ಇಬ್ಬರೂ ಬಟ್ಟೆಯ ರಾಶಿಯ ಮೇಲೆ ಬಿದ್ದು ನಕ್ಕರು. ಹೊಲಿಗೆ ಹಾಕುತ್ತ ಹಾಕುತ್ತ ನಾಲಿಗೆ ಪಳಗಿತು.

ಮುಂದಿನ ಆರ್ಡರಿನಲ್ಲೂ ಅಳತೆ ಬರಲಿಲ್ಲ. ಅಣ್ಣ ಫೋನು ಹಚ್ಚಿ, ನಗು ಶುರುಮಾಡಿದ್ದ. ಪರದೆಯಕ್ಕ ಮೇಲೆ ಹೋಗಿ ಕೈಚಾಚಿದಳು. ಅವನು ಕೊಡಲಿಲ್ಲ. ಕಿತ್ತುಕೊಂಡಳು.

"ಪರದೆ ಹೊಲಿಯೋಳು ನಾನೇ," ಎಂದು ಜರ್ಮನ್‌ನಲ್ಲಿ ತಡವರಿಸಿದಳು. ಆಮೇಲೆ ತಡವರಿಸಲಿಲ್ಲ. "ಇಶ್ ಬ್ರೌಖೆ ಡೀ ಮಾಸೆ ಬಿಸ್ ಮಿಟ್‌ವೊಖ್. ಜೋನ್ಸ್ಟ್ ವಿರ್ಡ್ ಎಸ್ ನಿಶ್ಟ್ ಫೆರ್ಟಿಶ್." ಬುಧವಾರದೊಳಗೆ ಅಳತೆ ಬೇಕು, ಇಲ್ಲದಿದ್ದರೆ ಕೆಲಸ ಮುಗಿಯುವುದಿಲ್ಲ.

ಆ ಕಡೆ ರಂಗಮಂದಿರದ ಮೇಲ್ವಿಚಾರಕಿ ನಿಧಾನವಾಗಿ ಏನೋ ಹೇಳಿದಳು. ಪಕ್ಕದಲ್ಲೇ ಫೋನಿಗೆ ಕಿವಿಗೊಟ್ಟು ನಿಂತಿದ್ದ ಅತ್ತಿಗೆ ಕನ್ನಡಕ್ಕೆ ತಂದಳು: "ಆಯ್ತು, ಬುಧವಾರ ಅಂತಿದ್ದಾರೆ. ಇದನ್ನ ಮುಂಚೆನೇ ಯಾಕೆ ಹೇಳಲಿಲ್ಲ ಅಂತ ಕೇಳ್ತಿದ್ದಾರೆ. ನಿಮಗೆ ಯಾವತ್ತೂ ಅವಸರ ಇಲ್ಲ ಅಂದ್ಕೊಂಡಿದ್ರಂತೆ."

ಪರದೆಯಕ್ಕ ಅಣ್ಣನ ಮುಖ ನೋಡಿದಳು. ಅವನು ಕಿಟಕಿಯತ್ತ ತಿರುಗಿದ.

"ಏನು ಒರಟು ಮಾತು," ಎಂದ ಫೋನಿಟ್ಟ ಮೇಲೆ. "ಭಿಕ್ಷೆಯವರ ಹಾಗೆ ಬೇಕು ಬೇಕು ಅಂತ."

"ಭಿಕ್ಷೆ ಬೇಡ್ತಿದ್ದೋನು ನೀನು, ಒಳ್ಳೆಯವನು ಅನ್ನಿಸಿಕೊಳ್ಳೋಕೆ," ಎಂದಳು. "ಕೆಲಸಕ್ಕೆ ಬೇಕಾದ್ದನ್ನ ನಾನು ಕೇಳಿದೆ. ಕೈ ನಿಧಾನ ಅಂದ್ಯಲ್ಲ, ಅದನ್ನ ವಾಪಸ್ ತಗೋ."

ಅವನು ತೆಗೆದುಕೊಳ್ಳಲಿಲ್ಲ. ಅಳತೆ ಮಂಗಳವಾರವೇ ಬಂತು. ಪರದೆ ಹೇಳಿದ ದಿನಕ್ಕೆ ಹೋಯಿತು. ಅಣ್ಣ ತಿಂಗಳುಗಟ್ಟಲೆ ಮುಖ ಊದಿಸಿಕೊಂಡೇ ಓಡಾಡಿದ. ಅವಳೂ ಸಮಾಧಾನಕ್ಕೆ ಹೋಗಲಿಲ್ಲ.