ಎರಡನೇ ದೀಪದ ಕಂಬದಾಚೆ

ಅಡಿಲೇಡ್ ಕಡೆಯ ನಮ್ಮ ವಾಲರೂ ಊರಿನಲ್ಲಿ ನನ್ನ ಮನೆಯಷ್ಟು ಚೊಕ್ಕಟವಾದ ಮನೆ ಇನ್ನೊಂದಿಲ್ಲ. ಒಮ್ಮೆ ಕಡಲಹಕ್ಕಿಯೊಂದು ಕಿಟಕಿಯಿಂದ ನನ್ನ ಅಡುಗೆಮನೆಯ ನೆಲ ನೋಡಿ, ನೀರೆಂದು ತಿಳಿದು ಮೀನಿಗಾಗಿ ಧುಮುಕಿತು. ಅದರ ಕೊಕ್ಕು ಇಂದಿಗೂ ಸೊಟ್ಟಗಿದೆ.

ನಾನು ವಾಲ್ಡಾ ಪೆನ್‌ಬರ್ಥಿ. ಎಂಬತ್ತು ದಾಟಿದೆ, ಎಷ್ಟು ದಾಟಿದೆ ಎಂಬುದು ದೇವರಿಗೂ ನನಗೂ ಬಿಟ್ಟ ವಿಷಯ. ಒಬ್ಬಳೇ ಇದ್ದೇನೆ, ರಾಣಿಯ ಹಾಗೆ. ಪ್ರತಿ ಗುರುವಾರ ಸರ್ಕಾರದ ಖರ್ಚಿನಲ್ಲಿ ಓಫಾ ಬರುತ್ತಾಳೆ. ಟೊಂಗಾ ದ್ವೀಪದವಳು. ಅವಳು ನಕ್ಕರೆ ಎದುರು ಮನೆಯ ಹೆಂಚು ಜಾರುತ್ತದೆ. ಮನೆ ಗುಡಿಸಿ ಒರೆಸುವುದು, ಸ್ನಾನದ ಹೊತ್ತಿಗೆ ನಾನು ಬೀಳದಂತೆ ಬಾಗಿಲಲ್ಲಿ ನಿಲ್ಲುವುದು, ಆಮೇಲೆ ನನ್ನನ್ನು ಜೆಟ್ಟಿಗೆ ಕರೆದೊಯ್ಯುವುದು ಅವಳ ಕೆಲಸ.

ಇದರಲ್ಲಿ ಮೊದಲನೆಯದನ್ನು ನಾನು ಬುಧವಾರವೇ ಮುಗಿಸಿಬಿಡುತ್ತೇನೆ.

"ಅಜ್ಜೀ, ನಾನು ಬಂದಿರೋದು ಕಸ ಗುಡ್ಸೋಕೆ. ಕಸ ಎಲ್ಲಿ?" ಎಂದು ಓಫಾ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾಳೆ.

"ಕಸ ಬಿದ್ದಿರೋ ಮನೆಗೆ ಯಾರನ್ನಾದ್ರೂ ಕರೀತಾರೇನೇ? ಊರವರು ಏನಂದಾರು!"

ನನ್ನೊಬ್ಬಳ ಚಟವಲ್ಲ ಇದು. ಬುಧವಾರ ಸಂಜೆ ನಮ್ಮ ಬೀದಿಯಲ್ಲಿ ನಿಂತು ಕೇಳಿ: ಗುರುವಾರ ಕೆಲಸದವರು ಬರುವ ಪ್ರತಿ ಮನೆಯಲ್ಲೂ ಮುದುಕಿಯರು ಪೊರಕೆ ಹಿಡಿದು ಏದುಸಿರು ಬಿಡುವ ಸದ್ದು.

ಆದರೆ ನನ್ನ ಜೀವ ಇರುವುದು ಜೆಟ್ಟಿಯಲ್ಲಿ. ಸಮುದ್ರದೊಳಕ್ಕೆ ಚಾಚಿಕೊಂಡ ಆ ಮರದ ಸೇತುವೆ ಮುಗಿಯುವಲ್ಲಿಂದ ಕೈ ಚಾಚಿದರೆ ಆಫ್ರಿಕಾ ಸಿಗುತ್ತದೆ. ಅಲ್ಲಿ ಮೀನಿನ ತಲೆ ಕಟ್ಟಿದ ಬಲೆ ಇಳಿಬಿಟ್ಟು ನಾವು ನೀಲಿ ಏಡಿ ಹಿಡಿಯುತ್ತೇವೆ, ಸುಳ್ಳು ಹೇಳುತ್ತೇವೆ. ಹಡಗಿಗೆ ಗೋಧಿ ತುಂಬುತ್ತಿದ್ದ ಮುದುಕ ಕ್ಲಾರಿ ಸುಳ್ಳಿನಲ್ಲಿ ಎರಡನೆಯವನು. ಮೊದಲನೆಯವರು ಯಾರೆಂದು ನಾನೇ ಹೇಳಿದರೆ ಚೆನ್ನಾಗಿರುವುದಿಲ್ಲ. ಗಂಡ ಸತ್ತ ಮೇಲೆ, ಕಾರಿನ ಲೈಸೆನ್ಸ್ ಹೋದ ಮೇಲೆ, ವಾರದಲ್ಲಿ ನಾನು ಮನುಷ್ಯರ ಜೊತೆ ಬಾಯ್ತುಂಬ ಮಾತಾಡುವ ಜಾಗ ಅದೊಂದೇ. ಉಳಿದ ದಿನಗಳಲ್ಲಿ ನನ್ನ ಬಡಾಯಿ ಕೇಳುವುದು ಕೆಟಲ್ ಮಾತ್ರ. ಅದಕ್ಕೂ ಈಚೆಗೆ ಆಸಕ್ತಿ ಕಡಿಮೆಯಾಗಿದೆ.

ಹೀಗಿರುವಾಗ ಸರ್ಕಾರಿ ಕಚೇರಿಯಿಂದ ಫೋನ್ ಬಂತು. ಸೋಮವಾರ ಲಾಕ್ಲನ್ ಎಂಬ ಅಧಿಕಾರಿ ಬಂದು ನನ್ನ ಸ್ಥಿತಿ ಪರೀಕ್ಷಿಸುತ್ತಾನಂತೆ. ನಾನು ಗಟ್ಟಿಯಾಗಿದ್ದೇನೆ ಎಂದು ಕಂಡರೆ ಓಫಾ ಬರುವುದು ನಿಲ್ಲುತ್ತದೆ, ಅವಳಿಲ್ಲದೆ ಜೆಟ್ಟಿಯಿಲ್ಲ. ತೀರಾ ಕೈಲಾಗದವಳು ಎಂದು ಕಂಡರೆ ಮನೆಗೆ ಬೀಗ, ನಾನು ವೃದ್ಧಾಶ್ರಮಕ್ಕೆ. ಅತ್ತ ದರಿ, ಇತ್ತ ಪುಲಿ.

ಸೋಮವಾರ ಓಫಾ ನನಗಾಗಿ ಬೇಗನೆ ಬಂದಳು. ಒಳಗೆ ಕಾಲಿಟ್ಟವಳೇ ತಲೆ ಚಚ್ಚಿಕೊಂಡಳು. ನಾನು ಗೋಡೆ ತೊಳೆದಿದ್ದೆ, ಬೆಳ್ಳಿ ಚಮಚಗಳನ್ನು ಉಜ್ಜಿದ್ದೆ, ಆಲೂಗಡ್ಡೆ ಮಾಂಸ ತುಂಬಿದ ಪ್ಯಾಸ್ಟಿಗಳನ್ನು ಒಂದು ಸೈನ್ಯಕ್ಕಾಗುವಷ್ಟು ಬೇಯಿಸಿಟ್ಟಿದ್ದೆ. ನಾನು ತಳ್ಳಿಕೊಂಡು ನಡೆಯುವ ಗಾಲಿ ವಾಕರನ್ನು ಕೋಳಿಗೂಡಿನ ಹಿಂದೆ ಬಚ್ಚಿಟ್ಟಿದ್ದೆ.

"ಅಯ್ಯೋ ಅಜ್ಜೀ! ಇದನ್ನ ನೋಡಿದ್ರೆ ಅವನು ನಿಮ್ಮನ್ನೇ ನನ್ನ ಮನೆ ಕೆಲಸಕ್ಕೆ ಕಳಿಸ್ತಾನೆ!"

"ಮತ್ತೆ ನೆಂಟರು ಬಂದಾಗ ಮನೆ ಹಾಳುಬಿದ್ದಿರಬೇಕಾ?"

"ಅವನು ನೆಂಟನಲ್ಲ! ನಿಮ್ಮ ಕೆಟ್ಟ ದಿನ ಹೇಗಿರುತ್ತೋ ಅದನ್ನ ಹೇಳಿ. ಕೆಟ್ಟ ದಿನ! ಗೊತ್ತಾಯ್ತಾ?"

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಲಾಕ್ಲನ್ ಕೆಂಪು ಗಡ್ಡದ, ಇಸ್ತ್ರಿ ಮಾಡಿದ ಪ್ಯಾಂಟಿನ, ಒಳ್ಳೆಯ ಮುಖದ ಹುಡುಗ. ಕೂತ.

"ಮಿಸೆಸ್ ಪೆನ್‌ಬರ್ಥಿ, ಬೆಳಿಗ್ಗೆ ಎದ್ದು ಓಡಾಡೋದು ಹೇಗಿದೆ?"

ಕೆಟ್ಟ ದಿನ ತಾನೆ? ನಾನು ಯಾವುದನ್ನೂ ಅರ್ಧಂಬರ್ಧ ಮಾಡಿದವಳಲ್ಲ.

"ಏನಂತ ಹೇಳ್ಲಿ ಮಗಾ," ಎಂದು ನಿಟ್ಟುಸಿರು ಬಿಟ್ಟೆ. "ತಿಂಡಿಗೆ ಅಂತ ಹಾಸಿಗೆ ಬಿಟ್ಟು ಹೊರಟರೆ ಅಡುಗೆಮನೆ ಮುಟ್ಟೋ ಹೊತ್ತಿಗೆ ರಾತ್ರಿ ಊಟ. ಮೊನ್ನೆ ಸೀನಿದೆ. ಮೂಳೆಗಳೆಲ್ಲ ಜಾಗ ಬದಲಾಯಿಸಿಕೊಂಡ್ವು. ಕೆಟಲ್ ಎತ್ತೋಕೆ ಪಕ್ಕದ ಮನೆಯವರು ಹಗ್ಗ ರಾಟೆ ತರಬೇಕಾಯ್ತು."

ಓಫಾ ಕೆಮ್ಮಿದಳು. ನಾನು ನಿಲ್ಲಲಿಲ್ಲ. ಹಿಂದಿನ ವಾರ ಬಚ್ಚಲಲ್ಲಿ ಬಿದ್ದದ್ದನ್ನೂ, ಅಲ್ಲೇ ಗಡ್ಡ ಬೆಳೆಯುವಷ್ಟು ಹೊತ್ತು ಇದ್ದುದನ್ನೂ ವರ್ಣಿಸಿದೆ. ಹುಡುಗನ ಕಣ್ಣು ಒದ್ದೆಯಾಯಿತು. ಗೆದ್ದೆ ಎಂದುಕೊಂಡೆ.

"ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ," ಎಂದ ಅವನು ಮೆಲ್ಲಗೆ. "ನೀವು ಒಬ್ಬರೇ ಇರೋದು ಅಪಾಯ. ಆಶ್ರಮದಲ್ಲಿ ಒಂದು ಕೋಣೆ ಖಾಲಿ ಇದೆ. ಈಗಲೇ ಮಾತಾಡ್ಲಾ?"



"ಕೋಣೆ ಯಾರಿಗೆ? ನನಗಾ?" ದಡಕ್ಕನೆ ಎದ್ದು ನಿಂತೆ. "ನಿನ್ನೆ ಏಣಿ ಹತ್ತಿ ಮಾಡಿನ ಮಳೆನೀರ ದೋಣಿ ಚೊಕ್ಕಟ ಮಾಡಿದೀನಿ ಕಣಯ್ಯ! ಸೌದೆ ಒಡೆದೆ! ಬೀರುನ ಒಂದು ಕೈಯಲ್ಲಿ ಎತ್ತಿ ಇನ್ನೊಂದು ಕೈಯಲ್ಲಿ ಕೆಳಗೆ ಗುಡಿಸ್ತೀನಿ!"

ಅವನು ಹೊಳೆಯುವ ನೆಲ ನೋಡಿದ, ಪ್ಯಾಸ್ಟಿಗಳ ಬೆಟ್ಟ ನೋಡಿದ. "ಹೌದಾ? ಹಾಗಾದ್ರೆ ಓಫಾ ಅವರು ಯಾಕೆ ಬೇಕು?"

"ಸುಳ್ಳು! ಎಲ್ಲಾ ಸುಳ್ಳು!" ಎಂದು ಓಫಾ ಕೂಗಿದಳು.

"ಯಾವುದು ಸುಳ್ಳು?"

"ಎರಡೂ!"

ಲಾಕ್ಲನ್ ಪೆನ್ನು ಕೆಳಗಿಟ್ಟ. ಒಂದು ಪ್ಯಾಸ್ಟಿ ತಿಂದ, ಇನ್ನೊಂದು ತಿಂದ. ಆಮೇಲೆ ಹೇಳಿದ: "ಮಿಸೆಸ್ ಪೆನ್‌ಬರ್ಥಿ, ನಿಮ್ಮ ಬಾಯಿಂದ ಇವತ್ತು ನನಗೇನೂ ಗೊತ್ತಾಗಲ್ಲ. ನಿಮಗೆ ಬೇಕಾದ ಜಾಗಕ್ಕೆ ಕರ್ಕೊಂಡು ಹೋಗಿ. ನಾನೇ ನೋಡ್ತೀನಿ."

ಓಫಾ ಕೋಳಿಗೂಡಿನ ಹಿಂದಿನಿಂದ ವಾಕರ್ ತಂದಳು. ಅದರ ಸೀಟಿನ ಮೇಲೆ ಕೋಳಿಯೊಂದು ಆಗಲೇ ಕಾವು ಕೂತಿತ್ತು. ಎಬ್ಬಿಸಿ ಹೊರಟೆವು.

ಜೆಟ್ಟಿಯಲ್ಲಿ ಕ್ಲಾರಿ ನಮ್ಮನ್ನು ಕಂಡು ಕೈಬೀಸಿದ. "ಏ ವಾಲ್ಡಾ, ಸೋಮವಾರ ಬಂದಿದೀಯ! ಯಾರು ಆ ಪ್ಯಾಂಟು? ಹೊಸ ಗಂಡನಾ?"

"ಅಧಿಕಾರಿ ಕಣೋ, ಬಾಯಿ ಮುಚ್ಚು!"

ಬಲೆ ಮೇಲೆಳೆದೆವು. ಹಗ್ಗ ಎಳೆದದ್ದು ಓಫಾ. ಎಳೆಯುವ ರೀತಿ ಸರಿಯಿಲ್ಲ ಎಂದು ಬೈದದ್ದು ನಾನು. ಬಲೆಯಲ್ಲಿದ್ದ ಏಡಿ ಹಾರಿ ಲಾಕ್ಲನ್ನನ ಪ್ಯಾಂಟಿನ ಅಂಚು ಕಚ್ಚಿ ನೇತಾಡಿತು. ಅವನು ಕುಣಿದ ಕುಣಿತ ನೋಡಿ ಡಾಲ್ಫಿನ್‌ಗಳು ಸಾಲುಗಟ್ಟಿ ಬಂದವು. ನಾನು ಬಗ್ಗಿ, ಏಡಿಯನ್ನು ಹಿಂದಿನಿಂದ ಹಿಡಿದು ಬಿಡಿಸಿದೆ. ಅಳತೆಪಟ್ಟಿಯ ಮೇಲೆ ಇಟ್ಟೆ.

ನಮ್ಮಲ್ಲಿ ಏನು ಸುಳ್ಳು ಬೇಕಾದರೂ ಹೇಳಬಹುದು, ಅಳತೆಪಟ್ಟಿಯ ಮುಂದೆ ಮಾತ್ರ ಇಲ್ಲ. ಚಿಕ್ಕ ಏಡಿ ವಾಪಸ್ ಸಮುದ್ರಕ್ಕೆ. ಅದು ಕಾನೂನು; ಅದಕ್ಕಿಂತ ಹೆಚ್ಚಾಗಿ ಜೆಟ್ಟಿಯ ಮರ್ಯಾದೆ. ಪಟ್ಟಿ ಕೈಯಲ್ಲಿದ್ದಾಗ ಕ್ಲಾರಿಯೂ ಪಾದ್ರಿಯಾಗುತ್ತಾನೆ.

"ಒಂದು ಕೂದಲಷ್ಟು ಕಮ್ಮಿ," ಎಂದೆ ಕಣ್ಣು ಕಿರಿದು ಮಾಡಿ.

ಅದೇ ಹೊತ್ತಿಗೆ ಲಾಕ್ಲನ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದ: "ಇಲ್ಲಿ ಒಬ್ಬರೇ ಎಲ್ಲಿವರೆಗೆ ನಡೀತೀರಿ?"

"ಎರಡನೇ ದೀಪದ ಕಂಬದವರೆಗೆ," ಎಂದೆ, ಕಣ್ಣು ಏಡಿಯ ಮೇಲೆಯೇ. "ಅದರಾಚೆ ಹಲಗೆ ಸಂದಿ ದೊಡ್ಡದು, ಗಾಲಿ ಸಿಕ್ಕಿಕೊಳ್ಳುತ್ತೆ. ಓಫಾ ತೋಳು ಬೇಕು. ಒಬ್ಬಳೇ ಇದ್ರೆ ಅಲ್ಲೇ ನಿಂತು ವಾಪಸ್ ಹೋಗ್ತೀನಿ."

ಜೆಟ್ಟಿ ಸ್ತಬ್ಧವಾಯಿತು. ಅಲೆಯೂ ನಿಂತಿತು. ಕ್ಲಾರಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ನಿಜ ಹೇಳಿಬಿಟ್ಟಳು!" ಎಂದ ಅವನು. "ಡಾಕ್ಟರನ್ನ ಕರೀರೋ!"

ನಾನು ಬಾಯಿ ಮುಚ್ಚಿಕೊಂಡೆ. ಆದರೆ ಮಾತು ಆಗಲೇ ದಾಟಿಹೋಗಿತ್ತು.

"ಸ್ನಾನ?" ಎಂದ ಲಾಕ್ಲನ್.

ಏಡಿಯಿನ್ನೂ ಪಟ್ಟಿಯ ಮೇಲಿತ್ತು. ಏನು ಮಾಡಲಿ? "ಯಾರಾದ್ರೂ ಬಾಗಿಲಲ್ಲಿದ್ರೆ ಮಾಡ್ಕೋತೀನಿ. ಇಲ್ದಿದ್ರೆ ಭಯ."

"ಮನೆ ಕೆಲಸ?"

"ಅದು ನನ್ನದು. ಅದರ ತಂಟೆಗೆ ಯಾರೂ ಬರಬೇಡಿ!"

ಅವನು ಎದ್ದು ಪ್ಯಾಂಟು ಕೊಡವಿಕೊಂಡ. "ಸರಿ, ಕಸ ಗುಡಿಸೋದನ್ನ ತೆಗೀತೀನಿ. ಆ ಹೊತ್ತನ್ನ ಇಲ್ಲಿಗೇ ಹಾಕ್ತೀನಿ. ಸೋಮವಾರವೂ ಬನ್ನಿ, ಗುರುವಾರವೂ ಬನ್ನಿ. ಮೇಲಿನವರು ಒಪ್ಪಬೇಕು, ಆದ್ರೆ ನಾನು ಬರೆಯೋದು ಇದನ್ನೇ."

ಮೇಲಿನವರು ಒಪ್ಪಿದರು. ಒಪ್ಪದೆ ಏನು, ನನ್ನ ಹೆಸರು ಕೇಳಿದ ಕೂಡಲೇ ಇಡೀ ಅಡಿಲೇಡ್ ಕಚೇರಿ ಎದ್ದು ನಿಂತಿತಂತೆ.

ಆದರೆ ಅದು ಆಮೇಲಿನ ಮಾತು. ಆ ದಿನ ಓಫಾ ನನ್ನನ್ನು ತಬ್ಬಿಕೊಂಡು ನೆಲದಿಂದ ಎತ್ತಿಬಿಟ್ಟಳು. ನಾನು ಅವಳ ಹೆಗಲ ಮೇಲಿಂದ ಅಧಿಕಾರಿಗೆ ಕೂಗಿದೆ: "ಏ ಮಗಾ, ಸುಮ್ನೆ ಯಾಕೆ ನಿಂತಿದೀಯ? ಪಕ್ಕದ ಬಲೆ ಎಳಿ! ಮೆಲ್ಲಗೆ! ಅಯ್ಯೋ, ನಿನಗೆ ಅಮ್ಮ ಏನೂ ಕಲಿಸಿಲ್ವಾ?"

ಅವನು ಎಳೆದ. ಆ ಬಲೆಯಲ್ಲಿ ಎಷ್ಟು ಏಡಿಗಳಿದ್ದವೆಂದರೆ ಜೆಟ್ಟಿ ಒಂದು ಕಡೆಗೆ ವಾಲಿತು.