ಬಂಡೆಯ ಹಲ್ಲಿಗೆ ಹೆಸರಿಟ್ಟವಳು

ಸಾಂಗ್ಲಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸೋನಲಳಿಗೆ ಆ ಹಲ್ಲಿ ಕಂಡದ್ದು ಮಾಲಗಾಂವದ ಆಚೆಯ ಗುಡ್ಡದಲ್ಲಿ. ನೆಮಾಸ್ಪಿಸ್ ಎಂಬ ಕುಲದ್ದು, ಕಿರುಬೆರಳಿನಷ್ಟೇ ಉದ್ದ. ಮನೆಯ ಹಲ್ಲಿಗಳ ಹಾಗೆ ಕತ್ತಲಿಗೆ ಕಾಯದೆ ಹಾಡಹಗಲೇ ಬಂಡೆಯ ನೆರಳಲ್ಲಿ ಓಡಾಡುತ್ತಿತ್ತು. ಕಣ್ಣಿನ ಪಾಪೆ ದುಂಡಗೆ. ಆ ಕುಲದ ಗೊತ್ತಿದ್ದ ಯಾವ ಜಾತಿಗೂ ಇದು ಹೋಲಲಿಲ್ಲ. ಸುತ್ತಲ ಗುಡ್ಡಗಳನ್ನೆಲ್ಲ ಹುಡುಕಿದಳು. ಆ ಒಂದು ಬಂಡೆಗುಂಪು ಬಿಟ್ಟರೆ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಗುಡ್ಡದ ಬುಡಕ್ಕೆ ಬಂಡೆ ಒಡೆದು ಜಲ್ಲಿ ಮಾಡುವ ಖಡಿ ಯಂತ್ರ ಬಂತು. ಅದನ್ನು ತಡೆಯಲು ಸೋನಲ ಸರ್ಕಾರಿ ಕಚೇರಿಗೆ ಅಲೆದಳು. ಹೆಸರೇ ಇಲ್ಲದ ಹಲ್ಲಿಗಾಗಿ ಕೆಲಸ ನಿಲ್ಲಿಸುವುದು ಹೇಗೆಂದು ಅಲ್ಲಿನವರು ನಕ್ಕರು. ಹೊಸ ಜಾತಿಯೆಂದು ಹೆಸರಿಡಬೇಕೆಂದರೆ ಸಾಕ್ಷಿಗಾಗಿ ಕೆಲವನ್ನಾದರೂ ಕೊಂದು ಸ್ಪಿರಿಟ್ಟಿನಲ್ಲಿ ಕಾಪಿಡಬೇಕಿತ್ತು.

ತಾಯಿ ಜಿನಮತಿ, ಸೊಪ್ಪಿನಲ್ಲಿ ಹುಳ ಸಿಕ್ಕರೆ ಎಲೆಯ ಸಮೇತ ಹಿತ್ತಲಿಗೆ ಬಿಟ್ಟುಬರುವ ಜೈನ ಹೆಂಗಸು. ಸೋನಲ ಅವರಿಂದ ಮುಚ್ಚಿಡಲಿಲ್ಲ.

“ಹೆಸರ ಇಡಾಕ ಜೀವಾ ತಗೀಬೇಕೇನ?” ಎಂದರು ಜಿನಮತಿ.

“ಎರಡ-ಮೂರು ಹೋದ್ರ ಉಳದದ್ದೆಲ್ಲಾ ಬದಕತಾವವ್ವಾ.”

“ಆ ಎರಡ-ಮೂರನ್ನ ಕೇಳೀಯೇನ?”

ಆದರೂ ಸೋನಲ ಹೋಗಿ ಮೂರು ಹಲ್ಲಿ ಹಿಡಿದು ತಂದಳು. ಕೊಂದಾದ ಮೇಲೆ ಅಂಗಾತ ಮಲಗಿಸಿದರೆ, ಒಂದರ ಹೊಟ್ಟೆಯ ತೆಳುಚರ್ಮದೊಳಗೆ ಎರಡು ಬಿಳಿ ಮೊಟ್ಟೆ ಕಂಡವು. ಆ ದಿನ ಅವಳು ಊಟಕ್ಕೆ ಕೂರಲಿಲ್ಲ.

ಹಲ್ಲಿಯ ಬಗ್ಗೆ ಅವಳು ಬರೆದ ಪ್ರಬಂಧವನ್ನು ತಜ್ಞರು ಪರಿಶೀಲಿಸಿ ಒಪ್ಪುವಷ್ಟರಲ್ಲಿ ವರ್ಷ ಕಳೆಯಿತು. ಕೊನೆಗೆ ಹಲ್ಲಿಗೆ ಹೆಸರಾಯಿತು, ಲೋಕಕ್ಕೆ ತಿಳಿಯಿತು. ಆ ಮೂರನ್ನು ಹಿಡಿದ ಮೇಲೆ ಅತ್ತ ಸುಳಿಯದಿದ್ದ ಸೋನಲ ಆ ಖುಷಿಯಲ್ಲೇ ಗುಡ್ಡಕ್ಕೆ ಓಡಿದಳು. ಬಂಡೆಗಳಿದ್ದಲ್ಲಿ ದೊಡ್ಡ ಹಳ್ಳ ಬಿದ್ದಿತ್ತು.

“ಅದನ್ನ ಒಡದ ಭಾಳ ದಿನಾ ಆತಲ್ರಿ ಬಾಯಾರ,” ಎಂದ ಯಂತ್ರದ ಕಾವಲಿಗಿದ್ದ ಮಾರೆಪ್ಪ.

ಬಿಸಿಲು ಇಳಿಯುವವರೆಗೂ ಅವಳು ಕಲ್ಲು ಮಗುಚಿ ಮಗುಚಿ ನೋಡಿದಳು. ಒಂದೂ ಸಿಗಲಿಲ್ಲ. ಆಮೇಲೂ ವಾರಗಟ್ಟಲೆ ಹೋಗಿ ಹುಡುಕಿದಳು. ಕೈ ಒಡೆದವು, ಅಷ್ಟೇ.

ಒಂದು ಬೆಳಿಗ್ಗೆ ಜಿನಮತಿ ತಾವಾಗಿಯೇ, “ಕಾಲೇಜಿಗೆ ನಾನೂ ಬರ್ತೇನಿ, ಅವನ್ನ ತೋರಸು,” ಎಂದರು. ಪ್ರಯೋಗಾಲಯದಲ್ಲಿ ಹಲ್ಲಿಗಳಿದ್ದ ಗಾಜಿನ ಭರಣಿಗಳ ಮುಂದೆ ಬಹಳ ಹೊತ್ತು ಕೈಮುಗಿದು ನಿಂತರು.

“ನಂದು ತಪ್ಪಾತೇನವ್ವಾ?”

“ಆತು,” ಎಂದರು ಜಿನಮತಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಬಂಡೆ ಒಡದಾವ್ರಿಗೆ ಮಾತ್ರ ತಪ್ಪ ಅಂತ ಅನಿಸಂಗಿಲ್ಲ ನೋಡು. ನಿನಗ ಅನಿಸ್ತು.”

ಸೋನಲ ಬಿಕ್ಕಿಬಿಕ್ಕಿ ಅತ್ತಳು. ಜಿನಮತಿ ಮಗಳ ಒಡೆದ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಅಳು ತೀರುವವರೆಗೂ ಅಲ್ಲೇ ನಿಂತರು.